ಕೆನಡಾಕ್ಕೆ ಹೊರಡೋ ಮುಂಚೆ: ದೇಶ ಅಲ್ಲ, ಊರು ನೋಡಿ

ಈ ಸಲದ ಮಾತು ಕೆನಡಾ ಬಗ್ಗೆ. ವೀಸಾ ಬಗ್ಗೆ ಅಲ್ಲ. ಪಿಆರ್‌ಗೆ ಎಷ್ಟು ಪಾಯಿಂಟ್ ಬೇಕು, ಹೋದ ಡ್ರಾದಲ್ಲಿ ಕಟ್-ಆಫ್ ಎಷ್ಟಿತ್ತು ಅಂತ ಹೇಳೋ ಚಾನೆಲ್‌ಗಳು ಬೇಕಾದಷ್ಟಿವೆ. ಆ ನಿಯಮಗಳು ಬದಲಾಗ್ತಾನೇ ಇರ್ತವೆ, ಅವನ್ನ ಅಲ್ಲಿನ ಸರ್ಕಾರದ ವೆಬ್‌ಸೈಟಲ್ಲೇ ನೋಡೋದು ಒಳ್ಳೇದು. ನಾನು ಹೇಳಹೊರಟಿರೋದು ಅದಕ್ಕಿಂತ ಹಿಂದಿನ ಪ್ರಶ್ನೆ. ಕೆನಡಾ ಅಂದ್ರೆ ಏನು? ನಾವು ನಿಜವಾಗಿ ಹೋಗೋದು ಎಲ್ಲಿಗೆ?

ಇದು ನನಗೂ ಬೇಕಾಗಿರೋ ಉತ್ತರ. ನಮ್ಮ ಪ್ರಾಜೆಕ್ಟಿನ ಕ್ಲೈಂಟ್ ಇರೋದು ಕ್ಯಾಲ್ಗರಿಯಲ್ಲಿ. ಮೂರು ವರ್ಷದಿಂದ ಪುಣೆಯಲ್ಲಿ ಕೂತು ಅವರ ಜೊತೆ ಕೆಲಸ ಮಾಡ್ತಿದ್ದೀನಿ. ಈಗ ಎರಡು ವರ್ಷಕ್ಕೆ ಅಲ್ಲಿಗೇ ಹೋಗೋ ಮಾತು ಬಂದಿದೆ. ಹೋದರೆ ಹೆಂಡತಿ ಇಲ್ಲಿನ ಕೆಲಸ ಬಿಡಬೇಕು, ಮಗಳು ಮೂರನೇ ಕ್ಲಾಸಿನ ನಡುವೆ ಶಾಲೆ ಬದಲಿಸಬೇಕು, ಹುಬ್ಬಳ್ಳಿಯಲ್ಲಿ ಅಪ್ಪ-ಅಮ್ಮ ಇಬ್ಬರೇ ಉಳೀತಾರೆ. ಹ್ಞೂಂ ಅನ್ನೋ ಮುಂಚೆ ಓದಿ ತಿಳ್ಕೊಳ್ಳೋಣ ಅಂತ ನಾಲ್ಕು ತಿಂಗಳಿಂದ ಕೂತಿದ್ದೀನಿ. ಓದಿದ್ದರ ಸಾರ ಒಂದೇ ಸಾಲು: ಕೆನಡಾಕ್ಕೆ ಯಾರೂ ಹೋಗಲ್ಲ, ಕೆನಡಾದ ಒಂದು ಊರಿಗೆ ಹೋಗ್ತಾರೆ. ಆ ಊರು ಯಾವುದು ಅನ್ನೋದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ನಮ್ಮಮ್ಮ ವಿಷಯ ಕೇಳಿದ ಕೂಡ್ಲೇ ಹೇಳಿದ್ದು ಇದು: “ಟೊರೊಂಟೊದಾಗ ನಿಮ್ಮ ದೊಡ್ಡಮ್ಮನ ಮಗ ಅದಾನಲ್ಲೋ. ಮೊದಲ ಅವನ ಮನ್ಯಾಗ ಇಳಕೊ. ವಾರಕ್ಕೊಮ್ಮೆ ಊಟಕ್ಕ ಕರದಾನು.” ನಾನು ಮ್ಯಾಪ್ ತೆಗೆದು ತೋರಿಸಿದೆ. ಟೊರೊಂಟೊದಿಂದ ಕ್ಯಾಲ್ಗರಿಗೆ ನೇರ ಗೆರೆ ಎಳೆದರೆ ಸುಮಾರು 2,700 ಕಿ.ಮೀ. ಹುಬ್ಬಳ್ಳಿಯಿಂದ ದೆಹಲಿಗೆ ಅದೇ ಥರ ಗೆರೆ ಎಳೆದರೆ ಸುಮಾರು 1,500. ವಾರಕ್ಕೊಮ್ಮೆ ಊಟಕ್ಕೆ ಹೋಗೋಕೆ ನಾಲ್ಕು ಗಂಟೆ ವಿಮಾನ ಹತ್ತಬೇಕು. “ಹಂಗಾದ್ರ ಅವ ಇದ್ದೂ ಇಲ್ಲದಂಗ” ಅಂದ್ರು ಅಮ್ಮ. ಇಡೀ ವಿಷಯ ಒಂದೇ ಮಾತಲ್ಲಿ ಬಂತು.

ಹೆಸರಲ್ಲೇ ಊರಿದೆ

ಪುಣೆಯಲ್ಲಿ ನಮ್ಮನ್ನ ‘ಕಾನಡಿ’ ಅಂತಾರೆ. ಉತ್ತರದ ಕಡೆಯ ಸಹೋದ್ಯೋಗಿಗಳಿಗೆ ಮಾತೃಭಾಷೆ ಕನ್ನಡ ಅಂದ್ರೆ, “ಕೆನಡಾದಲ್ಲಿ ಇಂಗ್ಲಿಷ್ ಅಲ್ವಾ?” ಅಂತ ಕೇಳಿದವರೂ ಇದ್ದಾರೆ. ಈ ಎರಡು ಹೆಸರಿಗೂ ಸಂಬಂಧ ಏನೂ ಇಲ್ಲ. 1535ರಲ್ಲಿ ಜಾಕ್ ಕಾರ್ಟಿಯೆ ಅನ್ನೋ ಫ್ರೆಂಚ್ ನಾವಿಕ ಸೇಂಟ್ ಲಾರೆನ್ಸ್ ನದಿಯಲ್ಲಿ ಮೇಲಕ್ಕೆ ಬಂದಾಗ ಅಲ್ಲಿನ ಮೂಲನಿವಾಸಿಗಳು ತಮ್ಮ ಹಳ್ಳಿಯ ದಾರಿ ತೋರಿಸ್ತಾ ‘ಕನಾಟಾ’ ಅಂದರು. ಅವರ ಮಾತಲ್ಲಿ ಅದಕ್ಕೆ ಹಳ್ಳಿ, ವಸತಿ ಅಂತ ಅರ್ಥ. ಒಂದು ಹಳ್ಳಿಗೆ ಅಂದ ಮಾತು ಆಮೇಲೆ ಇಡೀ ದೇಶದ ಹೆಸರಾಯ್ತು. ಈಗಲೂ ರಾಜಧಾನಿ ಒಟ್ಟಾವಾದ ಒಂದು ಬಡಾವಣೆಗೆ ಕನಾಟಾ ಅಂತಲೇ ಹೆಸರು, ಮತ್ತು ಅದು ಐಟಿ ಕಂಪನಿಗಳ ಬಡಾವಣೆ!

ನಮ್ಮ ಭಾಷೆಗೂ ಆ ದೇಶಕ್ಕೂ ನಿಜವಾದ ಕೊಂಡಿಯೊಂದು ಬಿದ್ದಿದ್ದು ಮೊನ್ನೆ ಮೊನ್ನೆ. ತುಮಕೂರು ಜಿಲ್ಲೆ ಸಿರಾ ತಾಲೂಕಿನವರಾದ ಚಂದ್ರ ಆರ್ಯ 2022ರ ಮೇ ತಿಂಗಳಲ್ಲಿ ಕೆನಡಾದ ಸಂಸತ್ತಿನಲ್ಲಿ ಕನ್ನಡದಲ್ಲೇ ಮಾತಾಡಿದರು. ಆ ವಿಡಿಯೋ ನಿಮ್ಮ ಫ್ಯಾಮಿಲಿ ಗ್ರೂಪಲ್ಲೂ ಬಂದಿರುತ್ತೆ.

ನಕ್ಷೆ ದೊಡ್ಡದು, ಬದುಕು ಒಂದು ಪಟ್ಟಿ

ವಿಸ್ತೀರ್ಣದಲ್ಲಿ ರಷ್ಯಾ ಬಿಟ್ಟರೆ ಕೆನಡಾನೇ ದೊಡ್ಡದು. ಸುಮಾರು 99.8 ಲಕ್ಷ ಚದರ ಕಿ.ಮೀ., ಅಂದ್ರೆ ಭಾರತದ ಮೂರು ಪಟ್ಟು, ನಮ್ಮ ಕರ್ನಾಟಕದಂಥವು 52 ಹಿಡಿಸುತ್ತವೆ. ಜನ ಎಷ್ಟು? ಸುಮಾರು 4 ಕೋಟಿ. 2011ರ ಜನಗಣತಿಯಲ್ಲೇ ಕರ್ನಾಟಕದ ಜನಸಂಖ್ಯೆ 6 ಕೋಟಿ ದಾಟಿತ್ತು.

ಇದನ್ನ ಕೇಳಿ “ಅಬ್ಬಾ, ಜಾಗಾನೇ ಜಾಗ” ಅಂತ ಖುಷಿಪಡಬೇಡಿ. ದೇಶದ ಅರ್ಧದಷ್ಟು ನೆಲ ಕೆನಡಿಯನ್ ಶೀಲ್ಡ್ ಅನ್ನೋ ಪುರಾತನ ಬಂಡೆ. ಅದರ ಮೇಲೆ ತೆಳುವಾದ ಮಣ್ಣು, ಕಾಡು, ಲೆಕ್ಕವಿಲ್ಲದಷ್ಟು ಕೆರೆ. ಬೇಸಾಯಕ್ಕೆ ಆಗಿಬರಲ್ಲ. ಅದರ ಮೇಲೆ ಹೋದರೆ ವರ್ಷಪೂರ್ತಿ ಹೆಪ್ಪುಗಟ್ಟಿದ ನೆಲ. ಉತ್ತರದ ನುನಾವುತ್ ಪ್ರದೇಶ ಒಂದೇ 20 ಲಕ್ಷ ಚದರ ಕಿ.ಮೀ. ಮೀರುತ್ತೆ, ಅಲ್ಲಿ ಇರೋರು ಸುಮಾರು 40 ಸಾವಿರ ಮಂದಿ, ಹೊರಗಿನಿಂದ ಅಲ್ಲಿಗೆ ಒಂದು ರಸ್ತೆಯೂ ಇಲ್ಲ.

ಹಾಗಾಗಿ ಜನ ಎಲ್ಲಿದ್ದಾರೆ ಅಂದ್ರೆ, ದಕ್ಷಿಣದ ಅಂಚಿನಲ್ಲಿ. ಮೂವರಲ್ಲಿ ಇಬ್ಬರು ಅಮೆರಿಕದ ಗಡಿಯಿಂದ 100 ಕಿ.ಮೀ. ಒಳಗೇ ವಾಸ ಮಾಡ್ತಾರೆ. ಆ ಪಟ್ಟಿ ದೇಶದ ನೆಲದಲ್ಲಿ ಸುಮಾರು ಶೇ. 4 ಮಾತ್ರ. ಉದ್ದವಾದ ಸೀರೆಯ ಕೆಳಗಿನ ಅಂಚಲ್ಲಿ ಮಾತ್ರ ಝರಿ ಇದ್ದ ಹಾಗೆ. ಅದರಲ್ಲೂ ವಿಂಡ್ಸರ್‌ನಿಂದ ಟೊರೊಂಟೊ, ಒಟ್ಟಾವಾ, ಮಾಂಟ್ರಿಯಲ್ ಮೇಲೆ ಹಾದು ಕ್ವಿಬೆಕ್ ಸಿಟಿವರೆಗಿನ ಸೀಳಿನಲ್ಲಿ ಅರ್ಧ ದೇಶ ಇದೆ. ಕೆಲಸ, ಮನೆ, ರೈಲು, ಬಾಡಿಗೆಗಾಗಿ ಪೈಪೋಟಿ ಎಲ್ಲಾ ಅಲ್ಲೇ. ದೇಶ ಖಾಲಿ ಇದೆ ಅಂತ ಟೊರೊಂಟೊದಲ್ಲಿ ಬಾಡಿಗೆ ಕಡಿಮೆ ಆಗಲ್ಲ.

ಪಟ್ಟಿಯ ಉದ್ದ ಎಷ್ಟು ಅನ್ನೋದಕ್ಕೆ ಒಂದು ಲೆಕ್ಕ. ಪೂರ್ವದ ತುದಿಯ ಸೇಂಟ್ ಜಾನ್ಸ್ ಊರಿಗೆ ತನ್ನದೇ ದೇಶದ ವ್ಯಾಂಕೂವರ್‌ಗಿಂತ ಇಂಗ್ಲೆಂಡಿನ ಲಂಡನ್ ಹತ್ತಿರ. ಟೊರೊಂಟೊದಿಂದ ವ್ಯಾಂಕೂವರ್‌ಗೆ ವಿಮಾನದ ದಾರಿ ಸುಮಾರು 3,350 ಕಿ.ಮೀ., ನಮ್ಮ ಕಾಶ್ಮೀರ–ಕನ್ಯಾಕುಮಾರಿಗಿಂತ ಸ್ವಲ್ಪ ಜಾಸ್ತಿ. ರೈಲಲ್ಲಿ ಹೋದರೆ 4,466 ಕಿ.ಮೀ., ನಾಲ್ಕು ರಾತ್ರಿ.

ಆರು ಗಡಿಯಾರ

ಇಷ್ಟು ಅಗಲದ ದೇಶಕ್ಕೆ ಆರು ಟೈಮ್ ಜೋನ್. ಬೇಸಿಗೆಯಲ್ಲಿ ವ್ಯಾಂಕೂವರ್‌ನಲ್ಲಿ ಮಧ್ಯಾಹ್ನ 12 ಆದಾಗ ಸೇಂಟ್ ಜಾನ್ಸ್‌ನಲ್ಲಿ ಸಂಜೆ 4.30. ಹೌದು, ನಮ್ಮ ಐದೂವರೆಯ ಹಾಗೆ ಅಲ್ಲೂ ಒಂದು ‘ಅರ್ಧ’ ಇದೆ. ಮಾರ್ಚ್‌ನಲ್ಲಿ ಒಂದು ಗಂಟೆ ಮುಂದೆ, ನವೆಂಬರಲ್ಲಿ ಹಿಂದೆ ಮಾಡೋ ಪದ್ಧತಿಯನ್ನೂ ಎಲ್ಲ ಪ್ರಾಂತ್ಯಗಳೂ ಪಾಲಿಸಲ್ಲ. ಸಸ್ಕಾಚೆವಾನ್‌ನ ಬಹುಭಾಗ ಮುಟ್ಟೋದೇ ಇಲ್ಲ. ಟೊರೊಂಟೊಗೂ ನಮಗೂ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ಹತ್ತೂವರೆ. ಕ್ಯಾಲ್ಗರಿಗೆ ಬೇಸಿಗೆಯಲ್ಲೇ ಹನ್ನೊಂದೂವರೆ. ಅಂದ್ರೆ ಹುಬ್ಬಳ್ಳಿಯಲ್ಲಿ ಅಪ್ಪ ರಾತ್ರಿ ಊಟಕ್ಕೆ ಕೂತಾಗ ನಾನು ಆಫೀಸಿಗೆ ಹೊರಟಿರ್ತೀನಿ. ಫೋನಿನ ಟೈಮೂ ಊರಿನ ಮೇಲೇ ನಿಂತಿದೆ ನೋಡಿ.

ಟೈಮ್ ಜೋನ್ ಬಗ್ನಿಂದ ರಾತ್ರಿ ನಿದ್ದೆ ಕೆಟ್ಟವರಿಗೆ ಒಂದು ಮಾಹಿತಿ. ಇಡೀ ಜಗತ್ತಿಗೆ ಒಂದು ಪ್ರಮಾಣಿತ ಸಮಯ ಪದ್ಧತಿ ಬೇಕು ಅಂತ ಜೋರಾಗಿ ವಾದಿಸಿದವರಲ್ಲಿ ಮುಖ್ಯರಾದವರು ಸ್ಯಾಂಡ್‌ಫರ್ಡ್ ಫ್ಲೆಮಿಂಗ್, ಕೆನಡಾದ ರೈಲ್ವೆ ಎಂಜಿನಿಯರ್. ದೇಶ ಅಂತ ಒಂದಾಗಿದ್ದೇ ರೈಲಿನಿಂದ. 1867ರ ಜುಲೈ 1ರಂದು ಬರೀ ನಾಲ್ಕು ಪ್ರಾಂತ್ಯ ಸೇರಿ ಶುರುವಾದ ಒಕ್ಕೂಟಕ್ಕೆ ಪಶ್ಚಿಮ ತುದಿಯ ಬ್ರಿಟಿಷ್ ಕೊಲಂಬಿಯಾ 1871ರಲ್ಲಿ ಸೇರಿದ್ದು ರೈಲು ಹಾಕಿಸಿಕೊಡ್ತೀವಿ ಅನ್ನೋ ಭರವಸೆಯ ಮೇಲೆ. ಆ ಹಳಿಯ ಕೊನೇ ಮೊಳೆ ಹೊಡೆದದ್ದು 1885ರ ನವೆಂಬರ್ 7ಕ್ಕೆ.

ಚಳಿ ಅಂದ್ರೆ ಒಂದೇ ಚಳಿ ಅಲ್ಲ

ನಮ್ಮ ಮನೆಯಲ್ಲಿ ಅತಿ ಹೆಚ್ಚು ಚರ್ಚೆಯಾಗಿರೋ ವಿಷಯ ಇದು. ಜನವರಿಯ ಸರಾಸರಿ ನೋಡಿ: ವ್ಯಾಂಕೂವರ್‌ನಲ್ಲಿ ಸೊನ್ನೆಗಿಂತ ಮೇಲೆ ನಾಲ್ಕು ಡಿಗ್ರಿಯ ಆಸುಪಾಸು, ಹಿಮಕ್ಕಿಂತ ಮಳೆ ಜಾಸ್ತಿ. ಟೊರೊಂಟೊದಲ್ಲಿ ಮೈನಸ್ 3-4. ಕ್ಯಾಲ್ಗರಿಯಲ್ಲಿ ಮೈನಸ್ 7ರ ಸುಮಾರು. ವಿನ್ನಿಪೆಗ್‌ನಲ್ಲಿ ಮೈನಸ್ 16. ಇವು ಸರಾಸರಿ, ಕೆಟ್ಟ ದಿನಗಳ ಲೆಕ್ಕ ಬೇರೆ. 1947ರ ಫೆಬ್ರವರಿ 3ರಂದು ಯೂಕಾನ್‌ನ ಸ್ನ್ಯಾಗ್‌ನಲ್ಲಿ ಮೈನಸ್ 63 ಡಿಗ್ರಿ ದಾಖಲಾಗಿತ್ತು. ಅದೇ ದೇಶದಲ್ಲಿ 2021ರ ಜೂನ್ 29ರಂದು ಬ್ರಿಟಿಷ್ ಕೊಲಂಬಿಯಾದ ಲಿಟನ್ ಊರಲ್ಲಿ 49.6 ಡಿಗ್ರಿ ಬಿಸಿಲು. ಮರುದಿನ ಕಾಳ್ಗಿಚ್ಚಿಗೆ ಆ ಊರು ಬಹುತೇಕ ಸುಟ್ಟುಹೋಯ್ತು. ಬೇಸಿಗೆಯ ಕಾಳ್ಗಿಚ್ಚು, ಹೊಗೆ ಕೂಡ ಈಗ ಪಶ್ಚಿಮದ ಊರುಗಳ ಬದುಕಿನ ಭಾಗ.

ಬರೀ ‘ಉತ್ತರ’ ಅಂದ ಮಾತ್ರಕ್ಕೆ ಚಳಿ ಅಲ್ಲ. ಟೊರೊಂಟೊ ಇರೋದು ಪ್ಯಾರಿಸ್‌ಗಿಂತ ದಕ್ಷಿಣಕ್ಕೆ, ಹೆಚ್ಚುಕಡಿಮೆ ಇಟಲಿಯ ಫ್ಲಾರೆನ್ಸ್‌ನ ಅಕ್ಷಾಂಶದಲ್ಲಿ. ಕ್ಯಾಲ್ಗರಿ ಲಂಡನ್‌ನ ಅಕ್ಷಾಂಶದಲ್ಲಿದೆ. ಯುರೋಪಿನ ಆ ಊರುಗಳನ್ನ ಸಮುದ್ರದ ಬೆಚ್ಚನೆಯ ಗಾಳಿ ಕಾಯುತ್ತೆ. ಕ್ಯಾಲ್ಗರಿ ಸಮುದ್ರದಿಂದ ದೂರ, ನಡುವೆ ರಾಕಿ ಪರ್ವತದ ಗೋಡೆ. ಉತ್ತರಧ್ರುವದ ಗಾಳಿಗೆ ಮಾತ್ರ ಬಾಗಿಲು ತೆರೆದೇ ಇದೆ. ಆದರೆ ಆ ಪರ್ವತವೇ ಒಂದು ಉಪಕಾರಾನೂ ಮಾಡುತ್ತೆ. ಚಿನೂಕ್ ಅನ್ನೋ ಒಣ ಬಿಸಿಗಾಳಿ ಬೆಟ್ಟ ಇಳಿದು ಬಂದರೆ ಕೆಲವೇ ಗಂಟೆಗಳಲ್ಲಿ ಉಷ್ಣಾಂಶ 20 ಡಿಗ್ರಿ ಏರೋದೂ ಇದೆ. ಹೆಪ್ಪುಗಟ್ಟಿದ ರಸ್ತೆ ಕರಗಿ, ರಾತ್ರಿ ಮತ್ತೆ ಗಾಜಿನ ಹಾಗೆ ಗಟ್ಟಿಯಾಗುತ್ತೆ. ಅಲ್ಲಿನವರು ಇದನ್ನ ಬ್ಲ್ಯಾಕ್ ಐಸ್ ಅಂತಾರೆ. ಬಿದ್ದು ಕೈ ಮುರಿದುಕೊಳ್ಳೋದು ಇದರ ಮೇಲೇ.

ಹವಾಮಾನ ವರದಿಯಲ್ಲಿ ಎರಡು ಸಂಖ್ಯೆ ಇರುತ್ತೆ, ಉಷ್ಣಾಂಶ ಮತ್ತು ವಿಂಡ್ ಚಿಲ್. ಗಾಳಿ ಸೇರಿದಾಗ ಚರ್ಮಕ್ಕೆ ಎಷ್ಟು ಚಳಿ ಅನ್ನಿಸುತ್ತೆ ಅನ್ನೋದು ಎರಡನೇದು, ನೋಡಬೇಕಾದ್ದು ಅದನ್ನೇ. ಅದು ಮೈನಸ್ 28 ದಾಟಿದರೆ ತೆರೆದ ಚರ್ಮ ಹತ್ತರಿಂದ ಮೂವತ್ತು ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಹಾಗಂತ ಜನ ಬಾಗಿಲು ಹಾಕಿಕೊಂಡು ಕೂರಲ್ಲ. ಕ್ಯಾಲ್ಗರಿಯಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಸುಮಾರು 15 ಅಡಿ ಎತ್ತರದಲ್ಲಿ ಮುಚ್ಚಿದ ಕಾಲುಸೇತುವೆಗಳಿವೆ, ಹೆಸರೇ ‘ಪ್ಲಸ್ 15’. ಟೊರೊಂಟೊ, ಮಾಂಟ್ರಿಯಲ್‌ನಲ್ಲಿ ನೆಲದಡಿ ಹತ್ತಾರು ಕಿಲೋಮೀಟರ್ ದಾರಿ. ಕಾರಿನ ಎಂಜಿನ್‌ಗೆ ಬ್ಲಾಕ್ ಹೀಟರ್ ಇಟ್ಟು ರಾತ್ರಿ ಪ್ಲಗ್‌ಗೆ ಹಾಕ್ತಾರೆ, ನಾವು ಫೋನ್ ಚಾರ್ಜಿಗೆ ಹಾಕೋ ಹಾಗೆ. ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ವಿಂಟರ್ ಟೈರ್ ಕಾನೂನಿನ ಪ್ರಕಾರ ಕಡ್ಡಾಯ.

ಬಟ್ಟೆ ಬಗ್ಗೆ ಒಂದೇ ಮಾತು. ದಪ್ಪ ಅಲ್ಲ, ಪದರ. ಮೈಗೆ ತಾಗೋದು ಹತ್ತಿ ಬಟ್ಟೆ ಬೇಡ, ಅದು ಬೆವರು ಕುಡಿದು ಒದ್ದೆಯಾಗೇ ಇರುತ್ತೆ. ಉಣ್ಣೆ ಅಥವಾ ಸಿಂಥೆಟಿಕ್ ಒಳ್ಳೇದು. ಮೇಲೆ ಸ್ವೆಟರ್, ಅದರ ಮೇಲೆ ಗಾಳಿ ತಡೆಯೋ ಜಾಕೆಟ್. ದೊಡ್ಡ ಜಾಕೆಟ್ಟು, ಬೂಟು ಅಲ್ಲೇ ಕೊಂಡುಕೊಳ್ಳಿ. ಅಲ್ಲಿನ ಚಳಿಗೆ ಅಂತಲೇ ಮಾಡಿದ್ದು ಅಲ್ಲಿ ಸಿಗುತ್ತೆ.

ಚಳಿಗಿಂತ ಹೆಚ್ಚು ಯೋಚಿಸಬೇಕಾದ್ದು ಕತ್ತಲು. ಬೆಂಗಳೂರಿನಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಚಿಕ್ಕ ಹಗಲಿಗೂ ಇರೋ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ. ಕ್ಯಾಲ್ಗರಿಯಲ್ಲಿ ಜೂನ್‌ನ ಹಗಲು ಹದಿನಾರೂವರೆ ಗಂಟೆ, ಡಿಸೆಂಬರಿನ ಹಗಲು ಎಂಟು ಗಂಟೆಗೂ ಕಡಿಮೆ. ಬೆಳಿಗ್ಗೆ ಎಂಟೂವರೆಗೆ ಸೂರ್ಯ ಹುಟ್ಟಿ ಸಂಜೆ ನಾಲ್ಕೂವರೆಗೆ ಮುಳುಗಿಬಿಡ್ತಾನೆ. ಕೆಲಸಕ್ಕೆ ಹೋಗೋನಿಗೆ ಆಫೀಸ್ ಇದೆ, ಜನ ಇದ್ದಾರೆ. ಕೆಲಸ ಬಿಟ್ಟು ಜೊತೆಗೆ ಬಂದವರು ಆ ಕತ್ತಲಲ್ಲಿ ಪರಿಚಯ ಇಲ್ಲದ ಊರಲ್ಲಿ ಒಬ್ಬರೇ ಇರ್ತಾರೆ. ಬೆಳಕಿನ ಕೊರತೆಯಿಂದ ಬರೋ ಚಳಿಗಾಲದ ಖಿನ್ನತೆ ವೈದ್ಯರು ಒಪ್ಪಿರೋ ಕಾಯಿಲೆ, ಸೋಮಾರಿತನ ಅಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಒಂದು ತೀರ್ಮಾನ ಆಗಲೇ ಆಗಿದೆ. ಹೋದರೆ ನವೆಂಬರಲ್ಲಿ ಅಲ್ಲ, ಮೇ ತಿಂಗಳಲ್ಲಿ. ಮೊದಲ ಆರು ತಿಂಗಳು ಬೆಳಕಿರುವಾಗಲೇ ಊರು, ಬಸ್ಸು, ಅಂಗಡಿ, ನೆರೆಹೊರೆ ಪರಿಚಯ ಆಗಲಿ. ನಿಮಗೆ ದಿನಾಂಕ ಆರಿಸೋ ಅವಕಾಶ ಇದ್ದರೆ ಇದನ್ನ ಕೇಳಿ ಪಡ್ಕೊಳ್ಳಿ.

ಯಾರ ನೆಲ, ಯಾರು ಬಂದರು

ಕ್ಲೈಂಟ್ ಜೊತೆ ನಮ್ಮ ಮೊದಲ ದೊಡ್ಡ ಮೀಟಿಂಗ್ ಶುರುವಾಗಿದ್ದು, ಈ ನೆಲ ಬ್ಲ್ಯಾಕ್‌ಫುಟ್, ಸ್ಟೋನಿ ನಕೋಡ, ತ್ಸೂಟಿನಾ ಜನರದ್ದು ಅಂತ ನೆನೆಯೋ ಮಾತಿನಿಂದ. ಆಗ ನಮಗೆ ಅರ್ಥ ಆಗಿರಲಿಲ್ಲ. 1877ರಲ್ಲಿ ಆದ ‘ಟ್ರೀಟಿ 7’ ಅನ್ನೋ ಒಪ್ಪಂದದ ನೆಲ ಅದು. ನಾವು ಶಾಲೆಯಲ್ಲಿ ‘ರೆಡ್ ಇಂಡಿಯನ್ನರು’ ಅಂತ ಓದಿದ ಪದವನ್ನ ಅಲ್ಲಿ ಬಾಯಿಗೂ ತರಬೇಡಿ. ಫಸ್ಟ್ ನೇಷನ್ಸ್, ಇನ್ಯೂಟ್, ಮೆಟಿ ಅಂತ ಮೂರು ಸಮುದಾಯಗಳು. ಇವರ ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನ ತಂದೆ-ತಾಯಿಯಿಂದ ಕಿತ್ತು ವಸತಿ ಶಾಲೆಗಳಿಗೆ ಹಾಕಿ, ಅವರ ಭಾಷೆ ಬಿಡಿಸಿದರು. ಇದು 1990ರ ದಶಕದವರೆಗೂ ನಡೆದದ್ದು. 2008ರಲ್ಲಿ ಪ್ರಧಾನಿ ಸ್ಟೀಫನ್ ಹಾರ್ಪರ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. 2021ರಿಂದ ಸೆಪ್ಟೆಂಬರ್ 30 ಇದರ ನೆನಪಿನ ದಿನ, ಕಿತ್ತಳೆ ಬಣ್ಣದ ಶರ್ಟ್ ಹಾಕ್ತಾರೆ. ಮಗಳ ಶಾಲೆಯಿಂದ ಆ ಶರ್ಟ್ ಬಗ್ಗೆ ಚೀಟಿ ಬಂದಾಗ ಅದರ ಹಿಂದಿನ ಕತೆ ಗೊತ್ತಿರಬೇಕು ಅಲ್ವಾ?

ನಮ್ಮಂಥವರನ್ನ ಆ ದೇಶ ಯಾವಾಗಲೂ ಕೈಚಾಚಿ ಕರೀತಿರಲಿಲ್ಲ ಅನ್ನೋದೂ ತಿಳಿದಿರಲಿ. ರೈಲು ಹಳಿ ಹಾಕೋಕೆ ಸಾವಿರಾರು ಚೀನೀ ಕೂಲಿಗಳು ಬೇಕಿದ್ದರು. ಹಳಿ ಮುಗಿದ 1885ರಲ್ಲೇ ಚೀನೀಯರ ಮೇಲೆ ತಲೆಗೆ 50 ಡಾಲರ್ ತೆರಿಗೆ ಬಿತ್ತು, 1903ರಲ್ಲಿ ಅದು 500 ಆಯ್ತು. ಭಾರತೀಯರಿಗೆ ಹಾಕಿದ ಬೀಗ ಇನ್ನೂ ಜಾಣತನದ್ದು. ಸ್ವದೇಶದಿಂದ ಎಲ್ಲೂ ನಿಲ್ಲದೆ ನೇರವಾಗಿ ಬಂದವರಿಗೆ ಮಾತ್ರ ಪ್ರವೇಶ ಅಂತ 1908ರಲ್ಲಿ ನಿಯಮ ಮಾಡಿದರು. ಭಾರತದಿಂದ ನೇರ ಹಡಗೇ ಇರಲಿಲ್ಲ! ಎಲ್ಲೂ ‘ಭಾರತೀಯರಿಗೆ ಪ್ರವೇಶವಿಲ್ಲ’ ಅಂತ ಬರೀದೆ ಬಾಗಿಲು ಹಾಕಿದ್ದು ಹೀಗೆ. 1914ರ ಮೇ ತಿಂಗಳಲ್ಲಿ ಕೊಮಗಟ ಮಾರು ಹಡಗು 376 ಮಂದಿಯನ್ನ, ಹೆಚ್ಚಾಗಿ ಪಂಜಾಬಿನ ಸಿಖ್ಖರನ್ನ, ಹೊತ್ತು ವ್ಯಾಂಕೂವರ್‌ಗೆ ಬಂತು. ಎರಡು ತಿಂಗಳು ಬಂದರಲ್ಲೇ ತಡೆದು, ಬೆರಳೆಣಿಕೆಯವರನ್ನ ಬಿಟ್ಟು ಉಳಿದವರನ್ನ ವಾಪಸ್ ಕಳಿಸಿದರು. ಕೋಲ್ಕತ್ತ ಹತ್ತಿರದ ಬಜ್‌ಬಜ್‌ನಲ್ಲಿ ಇಳಿದಾಗ ಬ್ರಿಟಿಷ್ ಪೊಲೀಸರ ಗುಂಡಿಗೆ ಹಲವರು ಸತ್ತರು. 2016ರ ಮೇ 18ರಂದು ಪ್ರಧಾನಿ ಜಸ್ಟಿನ್ ಟ್ರೂಡೊ ಇದಕ್ಕೆ ಸಂಸತ್ತಿನಲ್ಲಿ ಕ್ಷಮೆ ಕೇಳಿದರು.

ಓದು, ಭಾಷೆ, ಕೆಲಸ ನೋಡಿ ಅಂಕ ಕೊಡೋ ಪಾಯಿಂಟ್ ಪದ್ಧತಿ ಬಂದದ್ದು 1967ರಲ್ಲಿ. ನಾವೆಲ್ಲ ಇವತ್ತು ಲೆಕ್ಕ ಹಾಕೋ ಪಾಯಿಂಟ್‌ಗಳ ಹಿಂದೆ, ಚರ್ಮದ ಬಣ್ಣ ನೋಡಿ ಬಾಗಿಲು ಹಾಕಿದ ಅರ್ಧ ಶತಮಾನ ಇದೆ. ಬಾಗಿಲು ತೆಗೆಯೋದು, ಹಾಕೋದು ಅವರ ಅಗತ್ಯ, ಅವರ ರಾಜಕೀಯದ ಮೇಲೆ ನಿಂತಿರುತ್ತೆ. ಹೋಗೋರು ಇದನ್ನ ಮರೀಬಾರದು.

ಅಂದ ಹಾಗೆ ಸಂಬಂಧ ಬರೀ ಜನರದ್ದಲ್ಲ. ನಿಮ್ಮ ಮನೆಯ ಡಬ್ಬಿಯಲ್ಲಿರೋ ಚನ್ನಂಗಿ ಬೇಳೆ ಸಸ್ಕಾಚೆವಾನ್‌ನ ಹೊಲದಿಂದ ಬಂದಿರೋ ಸಾಧ್ಯತೆ ಸಾಕಷ್ಟಿದೆ. ಭಾರತಕ್ಕೆ ಮಸೂರ್ ಮತ್ತು ಹಳದಿ ಬಟಾಣಿ ಮಾರೋ ದೊಡ್ಡ ದೇಶಗಳಲ್ಲಿ ಕೆನಡಾ ಒಂದು.

ಪ್ರಾಂತ್ಯ ಅಂದ್ರೆ ಅರ್ಧ ದೇಶ

ಕೆನಡಾದಲ್ಲಿ 10 ಪ್ರಾಂತ್ಯ, 3 ಟೆರಿಟರಿ. ನಮ್ಮ ರಾಜ್ಯಗಳಿಗಿಂತ ಅವುಗಳ ಕೈಯಲ್ಲಿ ಅಧಿಕಾರ ಜಾಸ್ತಿ. ದಿನದ ಬದುಕಿಗೆ ಬೇಕಾದ್ದೆಲ್ಲ ಅವೇ ನಡೆಸೋದು.

ತೆರಿಗೆ: ಅಂಗಡಿಯಲ್ಲಿ ಬರೆದಿರೋ ಬೆಲೆ ನಮ್ಮ ಎಂಆರ್‌ಪಿ ಥರ ಅಲ್ಲ. ತೆರಿಗೆ ಬಿಲ್ಲಿನಲ್ಲಿ ಸೇರುತ್ತೆ. ಆಲ್ಬರ್ಟಾದಲ್ಲಿ ಶೇ. 5, ಒಂಟಾರಿಯೊದಲ್ಲಿ ಶೇ. 13.

ಮನೆ: ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕತೆ ಅಲ್ಲಿಲ್ಲ. ಆಲ್ಬರ್ಟಾದಲ್ಲಿ ಡೆಪಾಸಿಟ್ ಒಂದು ತಿಂಗಳ ಬಾಡಿಗೆ ಮೀರುವಂತಿಲ್ಲ. ಒಂಟಾರಿಯೊದಲ್ಲಿ ಕೊನೇ ತಿಂಗಳ ಬಾಡಿಗೆ ಮಾತ್ರ ಮುಂಗಡ ಕೇಳಬಹುದು. ಆದರೆ ಮನೆಯ ಓನರ್‌ಗಳು ಕ್ರೆಡಿಟ್ ಸ್ಕೋರ್ ಕೇಳ್ತಾರೆ, ನಮ್ಮ ಸಿಬಿಲ್ ಸ್ಕೋರ್ ಅಲ್ಲಿ ಲೆಕ್ಕಕ್ಕಿಲ್ಲ, ಸೊನ್ನೆಯಿಂದ ಶುರು.

ಆರೋಗ್ಯ: ‘ಎಲ್ಲಾ ಫ್ರೀ’ ಅಂತ ಕೇಳಿರ್ತೀರಿ. ಡಾಕ್ಟರು, ಆಸ್ಪತ್ರೆ ಖರ್ಚು ಸರ್ಕಾರದ್ದು, ನಿಜ. ಸಸ್ಕಾಚೆವಾನ್ ಪ್ರಾಂತ್ಯ 1962ರಲ್ಲಿ ಶುರುಮಾಡಿದ ಪದ್ಧತಿ ಆಮೇಲೆ ದೇಶಕ್ಕೆಲ್ಲ ಹಬ್ಬಿತು. ಆದರೆ ಕಾರ್ಡ್ ಕೊಡೋದು ಪ್ರಾಂತ್ಯ. ಬ್ರಿಟಿಷ್ ಕೊಲಂಬಿಯಾದಂಥ ಕಡೆ ಹೊಸಬರು ಕಾಯಬೇಕಾದ ಅವಧಿಯೂ ಇದೆ, ಅಷ್ಟು ದಿನಕ್ಕೆ ಖಾಸಗಿ ವಿಮೆ ಬೇಕು. ಹಲ್ಲು, ಕನ್ನಡಕ, ಔಷಧಿ ಸಾಮಾನ್ಯವಾಗಿ ಇದರಲ್ಲಿ ಬರಲ್ಲ, ಕಂಪನಿಯ ವಿಮೆ ನೋಡ್ಕೋಬೇಕು. ಸ್ಪೆಷಲಿಸ್ಟ್ ಹತ್ತಿರ ನೇರವಾಗಿ ಹೋಗೋ ಪುಣೆಯ ಅಭ್ಯಾಸ ಅಲ್ಲಿ ನಡೆಯಲ್ಲ. ಫ್ಯಾಮಿಲಿ ಡಾಕ್ಟರ್ ಚೀಟಿ ಕೊಡಬೇಕು, ಆಮೇಲೆ ಸರದಿ. ಹಲ್ಲಿನ ಕೆಲಸ ಇಲ್ಲೇ ಮುಗಿಸಿ, ಒಂದು ಜೊತೆ ಕನ್ನಡಕ ಹೆಚ್ಚಿಗೆ ಮಾಡಿಸಿಕೊಳ್ಳಿ.

ಕೆಲಸದ ಹೆಸರು: ಇದು ನಮಗೇ ಸಂಬಂಧಪಟ್ಟದ್ದು. ಬಹುತೇಕ ಪ್ರಾಂತ್ಯಗಳಲ್ಲಿ ‘ಎಂಜಿನಿಯರ್’ ಅಂತ ಹಾಕಿಕೊಳ್ಳೋಕೆ ಅಲ್ಲಿನ ವೃತ್ತಿ ಸಂಸ್ಥೆಯ ಲೈಸೆನ್ಸ್ ಬೇಕು. ಆಲ್ಬರ್ಟಾ ಮಾತ್ರ 2023ರಲ್ಲಿ ಕಾನೂನು ತಿದ್ದಿ ‘ಸಾಫ್ಟ್‌ವೇರ್ ಎಂಜಿನಿಯರ್’ ಅನ್ನೋದಕ್ಕೆ ವಿನಾಯಿತಿ ಕೊಟ್ಟಿತು. ರೆಸ್ಯೂಮೆಯಲ್ಲಿ ‘ಡೆವಲಪರ್’ ಅಂತ ಬರೆದರೆ ಎಲ್ಲೂ ತಕರಾರಿಲ್ಲ. ಎಂಜಿನಿಯರ್ ಪದಕ್ಕೆ ಅಲ್ಲಿ ಇರೋ ಭಾರ ಸುಮ್ಮನೆ ಬಂದದ್ದಲ್ಲ. 1907ರಲ್ಲಿ ಕ್ವಿಬೆಕ್ ಸೇತುವೆ ಕಟ್ಟುವಾಗಲೇ ಕುಸಿದು 75 ಕಾರ್ಮಿಕರು ಸತ್ತರು, ಲೆಕ್ಕ ತಪ್ಪಿತ್ತು. 1925ರಿಂದ ಅಲ್ಲಿನ ಎಂಜಿನಿಯರಿಂಗ್ ಪದವೀಧರರು ಪ್ರತಿಜ್ಞೆ ಮಾಡಿ ಕಿರುಬೆರಳಿಗೆ ಲೋಹದ ಉಂಗುರ ಹಾಕಿಕೊಳ್ತಾರೆ.

ಭಾಷೆ: ಕ್ವಿಬೆಕ್ ಪ್ರಾಂತ್ಯದ ಕೆಲಸ ಅಂದ್ರೆ ಫ್ರೆಂಚ್ ಕಲಿಯೋ ಮನಸ್ಸಿರಬೇಕು. 1977ರ ಭಾಷಾ ಕಾನೂನಿನ ಪ್ರಕಾರ ಕಚೇರಿ, ನಾಮಫಲಕ, ಶಾಲೆ ಎಲ್ಲದರಲ್ಲೂ ಫ್ರೆಂಚ್‌ಗೆ ಮೊದಲ ಜಾಗ. ವಲಸೆ ಬಂದವರ ಮಕ್ಕಳು ಸಾಮಾನ್ಯವಾಗಿ ಫ್ರೆಂಚ್ ಶಾಲೆಗೇ ಹೋಗಬೇಕು. ಸುತ್ತ ಇಂಗ್ಲಿಷಿನ ಸಮುದ್ರ ಇರುವಾಗ ಒಂದು ಭಾಷೆ ತನ್ನ ನೆಲದಲ್ಲಿ ತಾನು ಉಳೀಬೇಕು ಅಂತ ಮಾಡೋ ಹಟ ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದ್ರೆ ಏನು ಕೇಳಬೇಕು?

ಆಫರ್ ಬಂದಾಗ ನಾವೆಲ್ಲ ಮೊದಲು ಕೇಳೋದು ಸಂಬಳ ಎಷ್ಟು ಡಾಲರ್ ಅಂತ, ತಕ್ಷಣ ರೂಪಾಯಿಗೆ ಗುಣಿಸ್ತೀವಿ. ಅದರ ಜೊತೆ ಇಷ್ಟು ಕೇಳಿ. ಯಾವ ಊರು, ಯಾವ ಪ್ರಾಂತ್ಯ? ಯಾವ ತಿಂಗಳು ಇಳಿಯೋದು? ಆ ಊರಲ್ಲಿ ಡಿಸೆಂಬರಿನ ಹಗಲು ಎಷ್ಟು ಗಂಟೆ? ಕಾರಿಲ್ಲದೆ ಓಡಾಡೋಕೆ ಆಗುತ್ತಾ? ಜೊತೆಗೆ ಬರೋ ಗಂಡ ಅಥವಾ ಹೆಂಡತಿಗೆ ಕೆಲಸದ ಪರ್ಮಿಟ್ ಇದೆಯಾ? ಹೆಲ್ತ್ ಕಾರ್ಡ್ ಯಾವಾಗಿನಿಂದ? ಅಪ್ಪ-ಅಮ್ಮಂಗೆ ಹುಷಾರು ತಪ್ಪಿದರೆ ಊರು ಮುಟ್ಟೋಕೆ ಎಷ್ಟು ಗಂಟೆ, ಎಷ್ಟು ವಿಮಾನ?

ಕೊನೇ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ: ಒಂದಾದರೂ ವಿಮಾನ ಬದಲಿಸಿ, ಹೆಚ್ಚುಕಡಿಮೆ ಒಂದೂವರೆ ದಿನ. ಅದನ್ನ ಹಾಳೆಯಲ್ಲಿ ಬರೆದು ಅಪ್ಪನಿಗೆ ತೋರಿಸಿದ್ದೀನಿ. ಅವರು ಇನ್ನೂ ಏನೂ ಅಂದಿಲ್ಲ, ಹಾಳೆ ಮಡಚಿ ಜೇಬಲ್ಲಿ ಇಟ್ಟುಕೊಂಡಿದ್ದಾರೆ. ನಮ್ಮ ತೀರ್ಮಾನ ಈ ತಿಂಗಳ ಕೊನೆಗೆ. ಏನೇ ಆಗಲಿ, ಒಂದು ಗುಲಾಬಿ ಬಣ್ಣದ ನಕ್ಷೆ ನೋಡಿ ತೀರ್ಮಾನ ಮಾಡಿದ ಹಾಗೆ ಆಗಲ್ಲ ಅನ್ನೋದಷ್ಟೇ ಸಮಾಧಾನ.

ಈಗಾಗಲೇ ಅಲ್ಲಿ ಇರೋರು, ಇದ್ದು ವಾಪಸ್ ಬಂದೋರು ನಿಮ್ಮ ಊರಿನ ಹೆಸರು ಹೇಳಿ ಕೆಳಗೆ ಬರೀರಿ. ‘ಕೆನಡಾ ಚೆನ್ನಾಗಿದೆ’ ಅಂತ ಬೇಡ. ವಿನ್ನಿಪೆಗ್ ಹೇಗಿದೆ, ಹ್ಯಾಲಿಫ್ಯಾಕ್ಸ್ ಹೇಗಿದೆ ಅಂತ ಹೇಳಿ.